ಬೆಸುಗೆ ಬಿಟ್ಟ ತಂತಿ

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಶೌಕತ ಅಲಿಯ ಅಂಗಡಿಗೆ ಮಾಣಿಕಮ್ಮ ಬಂದದ್ದು ಗಂಡ ಅಯ್ಯಪ್ಪ ತೀರಿಕೊಂಡ ಮೂರನೇ ತಿಂಗಳಿಗೆ. ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದ ಬೇಸ್ ಗಿಟಾರನ್ನು ಮೇಜಿನ ಮೇಲಿಟ್ಟಳು.

"ಸೇಡಂದಾಗ ಒಬ್ರು ತಗೋತೀನಿ ಅಂದಾರ್ರಿ, ಭಾಯಿ. ಒಮ್ಮೆ ನೋಡಿ ಕೊಡ್ರಿ."

ಶೌಕತನಿಗೆ ತಕ್ಷಣ ಕೈ ಹಚ್ಚಲು ಮನಸ್ಸಾಗಲಿಲ್ಲ. ಎಪ್ಪತ್ತೇಳನೇ ಇಸವಿಯಲ್ಲಿ ಅಯ್ಯಪ್ಪ ಇದನ್ನೇ ಹೆಗಲಿಗೇರಿಸಿಕೊಂಡು ಬಂದಿದ್ದ. ವಾಡಿಯ ಮಡಿವಾಳಯ್ಯನ ಆರ್ಕೆಸ್ಟ್ರಾದಲ್ಲಿ ಅವನು ಬೇಸ್ ನುಡಿಸುತ್ತಿದ್ದ. ಹಾಡಿನ ನಡುವೆ ದನಿ ನಿಂತುಹೋಗುತ್ತದೆ, ಮತ್ತೆ ತಾನೇ ಬರುತ್ತದೆ ಅಂದಿದ್ದ. ಶೌಕತ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಆಂಪ್ಲಿಫೈಯರಿಗೆ ವಾಯರ್ ಹಚ್ಚಿ, ನಾಲ್ಕೂ ತಂತಿ ಮೀಟಿದ್ದ. ದನಿ ಗಟ್ಟಿಯಾಗಿಯೇ ಬಂತು. ಮೂರು ಸಲ ತಂದಾಗಲೂ ಅದೇ ಕತೆ. ಕೊನೆಯ ಸಲ ಬೇಸತ್ತು, "ಗಿಟಾರಿಗೇನೂ ಆಗಿಲ್ಲೋ ಅಯ್ಯಪ್ಪಾ, ನಿನ್ನ ಕೈ ಕೆಟ್ಟದ" ಅಂದುಬಿಟ್ಟಿದ್ದ.

ಅಯ್ಯಪ್ಪ ಅದನ್ನು ನಂಬಿದ. ಕಾಳಗಿಯ ಮದುವೆಯೊಂದರಲ್ಲಿ ದನಿ ಮತ್ತೆ ನಿಂತು ಜನ ಶಿಳ್ಳೆ ಹೊಡೆದರು. ಏನಾಯಿತೆಂದು ಮಡಿವಾಳಯ್ಯ ಕೇಳಿದರೆ, "ನನ್ನ ಕೈನೇ ಸರಿ ಇಲ್ರಿ" ಅಂದನಂತೆ. ತಾನೇ ಆರ್ಕೆಸ್ಟ್ರಾ ಬಿಟ್ಟ; ಅವನ ಜಾಗಕ್ಕೆ ಬೇರೊಬ್ಬ ಬಂದ. ಅಯ್ಯಪ್ಪ ಫರಸಿ ಕಲ್ಲಿನ ಗಣಿಗೆ ಕೂಲಿಗೆ ಹೋದ. ಮಳೆಗಾಲದಲ್ಲಿ ಕಾಮಾಲೆಯಾಗಿ ಸತ್ತ.

ಈ ಸಲ ಶೌಕತ ಗಿಟಾರನ್ನು ಮಲಗಿಸಲಿಲ್ಲ. ಅಯ್ಯಪ್ಪನ ಹಾಗೆ ಬೆಲ್ಟು ಕೊರಳಿಗೆ ಹಾಕಿಕೊಂಡು, ನಿಂತು ಮೀಟಿದ. ಜೋತುಬಿದ್ದ ವಾಯರ್ ತನ್ನ ಭಾರಕ್ಕೆ ಜಗ್ಗಿತು, ದನಿ ಹೋಯಿತು. ವಾಯರನ್ನು ಎತ್ತಿ ಹಿಡಿದ, ದನಿ ಬಂತು. ಸ್ಕ್ರೂ ಬಿಚ್ಚಿ ನೋಡಿದರೆ ವಾಯರ್ ಚುಚ್ಚುವ ಸಾಕೆಟ್ಟಿನೊಳಗೆ ಒಂದು ತಂತಿಯ ಬೆಸುಗೆ ಬಿರಿದಿತ್ತು. ಹೊಸ ಬೆಸುಗೆ ಹಾಕಲು ಎರಡು ನಿಮಿಷವೂ ಬೇಕಾಗಲಿಲ್ಲ.

ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ.

"ವೈನೀ, ಅವನ ಕೈ ಛಲೋನೇ ಇತ್ತು. ದೋಷ ಇದರಾಗಿತ್ತು. ನಾ ಸರಿಯಾಗಿ ನೋಡಲಿಲ್ಲ."

ಮಾಣಿಕಮ್ಮ ಗಿಟಾರಿನ ತಂತಿಗಳ ಮೇಲೆ ಕೈಯಾಡಿಸಿದಳು. "ಊಟಕ್ಕ ಕುಂತಾಗೂ ಬೆರಳು ಬಿಡಿಸಿ ನೋಡ್ಕೋತಿದ್ರು. ಯಾವ ಬೆರಳು ತಪ್ಪಲಿಕತ್ತದ ತಿಳೀವಲ್ದು ಅಂತಿದ್ರು," ಅಂದಳು. ಆಮೇಲೆ, "ನನಗ ಹೇಳಿ ಏನ್ ಮಾಡ್ತೀರಿ? ಆ ಮಡಿವಾಳಯ್ಯಗ ಹೇಳ್ರಿ."

ಶೌಕತ ಅಂಗಡಿ ಮುಚ್ಚಿ ಮಧ್ಯಾಹ್ನದ ಗಾಡಿಗೆ ವಾಡಿಗೆ ಹೋದ. ಎಲ್ಲ ಕೇಳಿ ಮಡಿವಾಳಯ್ಯ ತಲೆ ತಗ್ಗಿಸಿದ. "ಹನ್ನೊಂದು ವರ್ಷ ನನ್ನ ಬಾಜೂಕ ನಿಂತು ಬಾರಿಸಿದಂವ. ಹೋಗ್ತೀನಿ ಅಂದಾಗ ಒಂದ್ ಮಾತಿಗೂ ತಡೀಲಿಲ್ಲ ನಾ," ಎಂದವನೇ ಚಪ್ಪಲಿ ಮೆಟ್ಟಿ ಜೊತೆಗೇ ಹೊರಟ.

ಇಳಿಹೊತ್ತಿಗೆ ಇಬ್ಬರೂ ಮಾಣಿಕಮ್ಮನ ಬಾಗಿಲಲ್ಲಿ ನಿಂತರು. ಮಡಿವಾಳಯ್ಯ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಅವಳು ತಂಬಿಗೆಯಲ್ಲಿ ನೀರು ತಂದಿಟ್ಟಳು.

"ಕುಂದ್ರಿ. ಅವರಿದ್ದಾಗ ಬರಬೇಕಿತ್ರಿ," ಎಂದಳು. ಬೈಗುಳವಿರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಶೌಕತನಿಗೆ.

ಸೋಮವಾರ ಸೇಡಂನವನು ಬಂದು ಗಿಟಾರ್ ಒಯ್ದ. "ನಮ್ಮನಿಯವರು ಭಾಳ ಛಲೋ ಬಾರಿಸ್ತಿದ್ರು" ಎಂದು ಹೇಳಿಯೇ ಮಾಣಿಕಮ್ಮ ಅದನ್ನು ಅವನ ಕೈಗಿಟ್ಟಳು.