ಏಳನೇ ತಿಂಗಳ ಕೂಗು

ಬುನ್-ಹಾಯ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ, ನಿವೃತ್ತನಾದ ವರ್ಷವೇ ಮೊಳದುದ್ದದ ಕ್ಯಾಮೆರಾ ಲೆನ್ಸೊಂದನ್ನು ಕೊಂಡುಕೊಂಡ. "ಮದುವೆ ಆದಾಗಿಂದ ನನ್ನ ಮುಖಾನ ಇಷ್ಟು ಹೊತ್ತು ನೋಡಿಲ್ಲ ಈ ಮನುಷ್ಯ," ಎಂದು ಹೆಂಡತಿ ಅಕ್ಕಪಕ್ಕದವರ ಮುಂದೆ ಆಡಿಕೊಂಡಳು. ಆ ಬೇಸಿಗೆ ಅವನಿಗೆ ಬೇಕಾಗಿದ್ದದ್ದು ಒಂದೇ ಹಕ್ಕಿ. ಕಡಲು ದಾಟಿ ಬಂದು ಬೆಟ್ಟದ ಬುಡದ ಬಿದಿರುಮೆಳೆಗಳಲ್ಲಿ ಮರಿಮಾಡುವ ಎಂಟು ಬಣ್ಣದ ಹಕ್ಕಿ.

ಆ ಹಕ್ಕಿ ಇಳಿಯುತ್ತಿದ್ದದ್ದು ಹ್ವೇ-ಥೋ ಎಂಬ ಮುದುಕನ ಮೆಳೆಯಲ್ಲಿ. ಅವನೂ ಅವನ ಹೆಂಡತಿ ಆ-ಖಿಮ್‌ಳೂ ಬಿದಿರಿನ ಮೊಳಕೆಯಾದ ಕಳಲೆಯನ್ನು ಅಗೆದು ಮಾರಿಯೇ ಮುದುಕರಾದವರು. ಬುನ್-ಹಾಯ್ ಅವರನ್ನು ಚಿಕ್ಕಪ್ಪ, ಚಿಕ್ಕಮ್ಮ ಎನ್ನುತ್ತಿದ್ದ. ಅನುಮತಿ ಕೇಳಲು ಹೋದಾಗ ಮುದುಕ ಗುದ್ದಲಿಯ ಕಾವಿಗೆ ಗಲ್ಲ ಊರಿ ಲೆನ್ಸನ್ನೇ ನೋಡಿದ್ದ.

"ಹಕ್ಕಿ ಇರೋ ತನಕ ನೀನೂ ಇರು. ಅದಕ್ಕೇನಾದ್ರೂ ತೊಂದ್ರೆ ಆಯ್ತೋ, ನಿನ್ನ ಆ ಫಿರಂಗೀನ ಕಳಲೆ ಥರ ಸೀಳಿ ಹಾಕ್ತೀನಿ."

ಮೇ ತಿಂಗಳ ಮೊದಲ ವಾರ ಬುನ್-ಹಾಯ್ ಹಕ್ಕಿಯ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡ. ಜೋಡಿಸಿಳ್ಳೆಯಂಥ ಕೂಗು, ಒಂದು ಸಲ, ಸ್ವಲ್ಪ ಬಿಡುವು, ಮತ್ತೊಂದು ಸಲ. ಎರಡನೆಯದು ಮುಗಿದ ಕೂಡಲೇ ಮಿಕ್ಕಿದ್ದನ್ನು ಕತ್ತರಿಸಿ ಹಾಕಿದ. ಹಕ್ಕಿಯ ಫೋಟೊ ತೆಗೆಯುವ ಗೆಳೆಯರೆಲ್ಲ ಹಾಗೇ ಮಾಡುತ್ತಿದ್ದರು. ಅದನ್ನು ಹಾಕಿದರೆ, ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಹಕ್ಕಿ ಮೈಯುಬ್ಬಿಸಿ ಬಯಲಿಗೆ ಬರುತ್ತದೆ.

ಆ ತಿಂಗಳ ಕೊನೆಯಲ್ಲಿ ಹ್ವೇ-ಥೋ ಊಟ ಮುಗಿಸಿ ಮಲಗಿದವನು ಏಳಲಿಲ್ಲ.

ಜೂನ್ ನಡುವಿನಲ್ಲಿ ಗೂಡಿನಲ್ಲಿ ನಾಲ್ಕು ಮರಿ ಇದ್ದವು. ಕೊಕ್ಕಿನ ತುಂಬ ಎರೆಹುಳ ಹಿಡಿದ ಹಕ್ಕಿ ಬಿಸಿಲಿನ ತೇಪೆಯೊಂದರಲ್ಲಿ ನಿಲ್ಲಬೇಕು ಎಂಬುದು ಬುನ್-ಹಾಯ್‌ನ ಆಸೆ. ಒಂದು ಬೆಳಿಗ್ಗೆ ಎರಡು ಗಂಟೆ ಬಿಡದೆ ಆ ಕೂಗು ಹಾಕಿದ. ಗಂಡು ಹೆಣ್ಣು ಎರಡೂ ಗೂಡು ಬಿಟ್ಟು ಬಂದು ಇಲ್ಲದ ಶತ್ರುವನ್ನು ಹುಡುಕಿದವು. ಫೋಟೊ ಬಯಸಿದ್ದಕ್ಕಿಂತ ಚೆನ್ನಾಗಿ ಬಂತು. ತಿರುಗಿ ನೋಡಿದರೆ ಗೂಡಿನ ಪಾಚಿಯ ಬಾಗಿಲಿನಿಂದ ಹಾವೊಂದು, ಹೊಟ್ಟೆಯಲ್ಲಿ ನಾಲ್ಕು ಗಂಟು ಹೊತ್ತು, ನಿಧಾನವಾಗಿ ಇಳಿದುಹೋಗುತ್ತಿತ್ತು. ಮೂರು ದಿನದಲ್ಲಿ ಹಕ್ಕಿಗಳೂ ಕಾಣೆಯಾದವು.

ಆ-ಖಿಮ್‌ಳ ಕಣ್ಣಿಗೆ ಆಗಲೇ ಮಂಜು ಕವಿದಿತ್ತು. ಅಂಗಳದಲ್ಲಿ ಕೂತು ಕಳಲೆಯ ಸಿಪ್ಪೆ ಸುಲಿಯುತ್ತ ಕೇಳಿದಳು: "ಏನೋ ಆ-ಹಾಯ್, ನಿಮ್ಮ ಚಿಕ್ಕಪ್ಪನ ಹಕ್ಕಿ ಯಾಕೋ ಮಾತೇ ಆಡ್ತಿಲ್ಲ?"

"ಇದೆ ಚಿಕ್ಕಮ್ಮ. ಮರಿಗೆ ಉಣಿಸೋದ್ರಲ್ಲಿ ಪುರಸೊತ್ತಿಲ್ಲ ಅದಕ್ಕೆ."

ನಾಲಿಗೆಗೆ ಬಂದದ್ದು ಅಷ್ಟೇ. ಮರುದಿನ ಬೆಳಿಗ್ಗೆ ಮೆಳೆಯ ನಡುವೆ ಅಂಗೈಯಗಲದ ಸ್ಪೀಕರ್ ಬಚ್ಚಿಟ್ಟು ಕೂಗು ಹಾಕಿದ. ಅಂಗಳದಲ್ಲಿ ಮುದುಕಿಯ ಮುಖ ಅರಳಿತು. ಆಮೇಲೆ ನಿಲ್ಲಿಸುವ ದಾರಿ ಅವನಿಗೆ ಹೊಳೆಯಲಿಲ್ಲ. ಗಂಡ ಸತ್ತ ಮನೆಯಲ್ಲಿ ಗಂಡನ ಹಕ್ಕಿಯನ್ನೂ ಕೊಂದೆ ಎಂದು ಹೇಗೆ ಹೇಳುವುದು? ದಿನವೂ ಬೆಳಿಗ್ಗೆ ಬಂದು, ಬರಿದಾದ ಗೂಡಿನ ಎದುರು ಕ್ಯಾಮೆರಾ ನಿಲ್ಲಿಸಿ, ಇಲ್ಲದ ಹಕ್ಕಿಯನ್ನು ಕೂಗಿಸಿ ಹೋಗುತ್ತಿದ್ದ. ಕೂಗು ಸಣ್ಣಗಾಯಿತು ಎಂದು ಅವಳೊಮ್ಮೆ ಗೊಣಗಿದಾಗ, ದೊಡ್ಡ ಸ್ಪೀಕರ್ ತಂದು ಅಂಗಳದ ಹತ್ತಿರಕ್ಕೇ ಇಟ್ಟ.

ಆಗಸ್ಟಿನಲ್ಲಿ ಚಾಂದ್ರಮಾನದ ಏಳನೇ ತಿಂಗಳು ಹುಟ್ಟಿತು. ಸತ್ತವರಿಗೆ ಬಾಗಿಲು ತೆರೆಯುವ ತಿಂಗಳು. ಮೂರನೆಯ ದಿನ ಬುನ್-ಹಾಯ್ ಬಂದಾಗ ಮೆಳೆಯ ಅಂಚಿನಲ್ಲಿ ಪುಟ್ಟ ಮೇಜಿತ್ತು. ಅದರ ಮೇಲೆ ಗೆಣಸಿನ ಗಂಜಿ, ಉಪ್ಪಿನಲ್ಲಿ ಹಾಕಿದ ಮೂಲಂಗಿ, ಉರಿಯುವ ಊದುಬತ್ತಿ; ಕೆಳಗೆ ಬಂದವರು ಮುಖ ತೊಳೆಯಲೆಂದು ನೀರಿನ ಬೋಗುಣಿ, ಹೊಸ ಟವೆಲು. ಮೆಳೆಯೊಳಗೆ ವಾರದಿಂದ ಯಾರೂ ಕಳಲೆ ಅಗೆದ ಗುರುತಿರಲಿಲ್ಲ. ಕೆಲವು ಮೊಳಕೆಗಳು ಎದೆಯೆತ್ತರ ಬೆಳೆದುಬಿಟ್ಟಿದ್ದವು.

"ಇದೇನು ಚಿಕ್ಕಮ್ಮ, ಹದಿನೈದನೇ ದಿನದ ಪೂಜೆಗೆ ಇನ್ನೂ ಟೈಮಿದೆ ಅಲ್ವಾ?"

ಅವಳು ದನಿ ತಗ್ಗಿಸಿದಳು. "ಮೆಲ್ಲಗೆ ಮಾತಾಡೋ. ಒಳಗಿದಾರೆ ಅವರು."

"ಯಾರು?"

"ಇನ್ಯಾರು, ನಿಮ್ಮ ಚಿಕ್ಕಪ್ಪ. ಏಳನೇ ತಿಂಗಳಲ್ಲಿ ಆ ಹಕ್ಕಿ ಕೂಗಿದ್ದನ್ನ ನಾನು ಅರವತ್ತು ವರ್ಷದಲ್ಲಿ ಕೇಳಿಲ್ಲ. ಅಷ್ಟೊತ್ತಿಗೆ ಅದು ಬಾಯಿ ಮುಚ್ಕೊಂಡು ಗಂಟುಮೂಟೆ ಕಟ್ಟಿರುತ್ತೆ. ಈಗ ದಿನಾ ಕೂಗುತ್ತೆ. ಕೂಗಿದ್ಮೇಲೆ ಇವರು ಕೆಮ್ಮುತಾರೆ. ಬುಟ್ಟಿ ತಗೊಂಡ್ ಬಾರೇ ಅಂತಾರೆ. ಹೋಗೋಕೆ ಧೈರ್ಯ ಇಲ್ಲ ಕಣೋ. ಸತ್ತೋರು ಕರೆದ್ರೆ ಓ ಅನ್ನಬಾರದಂತಲ್ಲ. ಅನ್ನದೇ ಇದ್ರೆ, ಪಾಪ, ಅಲ್ಲೇ ನಿಂತಿರ್ತಾರೆ."

ಬುನ್-ಹಾಯ್ ಅಂದು ಕೂಗು ಹಾಕದೆ ಮನೆಗೆ ಹೋದ. ಬಸ್ಸಿನ ಎಂಜಿನ್ನಿನ ಪಕ್ಕ ಕೂತು ಕೂತು ಮಂದವಾಗಿದ್ದ ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು, ಶಬ್ದವನ್ನು ತುದಿಗೇರಿಸಿ ಕೇಳಿದ. ಹಕ್ಕಿ ಕೂಗಿತು. ಬಿಡುವಿನಲ್ಲಿ ಗುದ್ದಲಿ ಮಣ್ಣಿಗೆ ಇಳಿದ ಸದ್ದು, ಎರಡು ಕೆಮ್ಮು, ದೂರದಿಂದ, "ಲೇ, ಬುಟ್ಟಿ ತಗೊಂಡ್ ಬಾರೇ." ಮತ್ತೆ ಹಕ್ಕಿ. ಇಷ್ಟು ದಿನ ತಾನು ಮೆಳೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಯಾರನ್ನು ಕೂಗಿಸುತ್ತಿದ್ದೆ ಎಂಬುದು ತಿಳಿದು ಅವನು ಹೆಡ್‌ಫೋನ್ ಕಿತ್ತುಹಾಕಿದ.

ಸುಮ್ಮನೆ ನಿಲ್ಲಿಸಿಬಿಡಬಹುದಿತ್ತು. ಗಂಡ ಗಂಜಿ ಉಂಡು ಹೋದನೆಂದು ಅವಳು ತಿಳಿಯುತ್ತಿದ್ದಳು. ಇಲ್ಲವೇ, ತಾನು ಓ ಎನ್ನದಿದ್ದದ್ದಕ್ಕೆ ಮುನಿದು ಹೋದನೆಂದು ಸಾಯುವವರೆಗೂ ಕೊರಗುತ್ತಿದ್ದಳು. ಎರಡು ದಿನ ಅವನು ಲೆನ್ಸನ್ನು ಮುಟ್ಟಲಿಲ್ಲ. ಮೂರನೆಯ ದಿನ ಹೋಗಿ ಅವಳೆದುರು ಮಣೆ ಹಾಕಿಕೊಂಡು ಕೂತು ಎಲ್ಲವನ್ನೂ ಹೇಳಿದ. ಹಾವನ್ನೂ ಹೇಳಿದ.

ಆ-ಖಿಮ್ ಕೈಗೆ ಸಿಕ್ಕ ಒಣಗಿದ ಕಳಲೆಯ ಸಿಪ್ಪೆಯನ್ನು ಎಳೆ ಎಳೆಯಾಗಿ ಸೀಳುತ್ತಿದ್ದಳು.

"ನಾಲ್ಕೂ ಹೋದ್ವಾ?"

"ನಾಲ್ಕೂ."

"ಅವರು ಬದುಕಿದ್ದಿದ್ರೆ ನಿನ್ನ ಸೀಳ್ತಿದ್ರು." ಆಮೇಲೆ ಕೈ ಚಾಚಿದಳು. "ಎಲ್ಲಿ, ಇಲ್ಲೇ ಹಾಕು."

ಅವನು ಹಾಕಿದ. ಫೋನನ್ನು ಅವಳು ಕಿವಿಗೆ ಅಂಟಿಸಿಕೊಂಡು ಕೇಳಿದಳು. ಎರಡನೆಯ ಕೂಗು ಮುಗಿದು ಫೋನು ಸುಮ್ಮನಾಯಿತು. ಅವಳು ಹಾಗೇ ಕಾಯುತ್ತಿದ್ದಳು.

"ಆಮೇಲೆ?"

"ಅಷ್ಟೇ ಚಿಕ್ಕಮ್ಮ."

"ಅದು ಹೇಗೆ ಅಷ್ಟೇ? ನಾನು ಉತ್ತರ ಕೊಟ್ಟಿರಬೇಕಲ್ಲ. ಇವರು ಕರೆದಾಗ ನಾನು ಯಾವತ್ತೂ ಸುಮ್ನಿದ್ದೋಳಲ್ಲ. ಬೈದಾದ್ರೂ ಬೈತಿದ್ದೆ."

ಬುನ್-ಹಾಯ್ ತಲೆ ತಗ್ಗಿಸಿದ. "ನೀವು ಬೈದಿದ್ರೋ ಏನೋ. ಹಕ್ಕಿ ಕೂಗು ಮುಗಿದ ಕಡೆ ನಾನೇ ಕತ್ತರಿಸಿಬಿಟ್ಟೆ."

"ಹಂಗಾದ್ರೆ ಎರಡು ತಿಂಗಳಿಂದ ಇವರು ಕೇಳ್ತಾನೇ ಇದಾರೆ, ಯಾರೂ ಓ ಅಂದಿಲ್ಲ." ಅವಳು ಎದ್ದು, ಗೋಡೆ ಹಿಡಿದು, ಮೆಳೆಯ ಅಂಚಿಗೆ ನಡೆದಳು. "ಇನ್ನೊಂದ್ಸಲ ಹಾಕು. ಜೋರಾಗಿ."

ದೊಡ್ಡ ಸ್ಪೀಕರಿನಿಂದ ಹಕ್ಕಿ ಕೂಗಿತು. ಕೆಮ್ಮು ಬಂತು. ಬುಟ್ಟಿಯ ಮಾತು ಬಂತು. ಆ-ಖಿಮ್ ಸೊಂಟಕ್ಕೆ ಕೈಯಿಟ್ಟು, ಎಂಬತ್ತೊಂದು ವರ್ಷದ ಗಂಟಲಿನಿಂದ ಕೂಗಿದಳು: "ಬಂದೆ ಮಾರಾಯಾ, ನನಗೇನು ನಾಲ್ಕು ಕೈಯಾ! ನೀನು ಹೋಗು ಅತ್ಲಾಗೆ, ಕಾಯಬೇಡ!"

ಬಿದಿರಿನ ತುದಿಗಳು ಅಲ್ಲಾಡಿ ನಿಂತವು.

"ಈಗ ಅಳಿಸು," ಎಂದಳು ತಿರುಗದೆ.

ಅವನ ಬೆರಳು ತಡೆದು ನಿಂತಿತು. ಆ ಹಕ್ಕಿಯದೆಂದು ಭೂಮಿಯ ಮೇಲೆ ಉಳಿದಿದ್ದ ಸದ್ದು ಅದೊಂದೇ. "ಹಕ್ಕಿ ಕೂಗು ಮಾತ್ರ ಇಟ್ಕೊಂಡು..."

"ಮತ್ತೆ ಕತ್ತರಿಸ್ತೀಯಾ?"

ಅವನು ಅಳಿಸಿದ.

ಮರುದಿನದಿಂದ ಬುನ್-ಹಾಯ್ ಕ್ಯಾಮೆರಾ ಬಿಟ್ಟು ಬಂದು ಅವಳಿಗೆ ಕಳಲೆ ಅಗೆದುಕೊಟ್ಟ. ಮೆಳೆ ಮೌನವಾಗಿತ್ತು. ಅಗೆಯುತ್ತ ಅಗೆಯುತ್ತ ಹಕ್ಕಿಯ ಕೂಗನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳಲು ನೋಡಿದ. ಎಷ್ಟು ನೆನೆದರೂ ಮೊದಲು ಬರುತ್ತಿದ್ದದ್ದು ಕೆಮ್ಮು. ಅದಾದ ಮೇಲೆ, ಹಕ್ಕಿ ಬರುವಷ್ಟು ಬಿಡುವು. ಹಕ್ಕಿ ಬರುತ್ತಿರಲಿಲ್ಲ.