ಅಕ್ಕ ಅನ್ನುವ ಟ್ರ್ಯಾಕ್

ಹಾಡು ಅರ್ಧ ದಾಟಿದ ಮೇಲೆ ಅವಳಿಗೆ ಅನುಮಾನ ಬಂತು. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಮತ್ತೆ ಮೊದಲಿನಿಂದ ಹಚ್ಚಿದಳು. ಗಿಟಾರಿನ ಪ್ರತಿ ಮೀಟೂ ನೂಲು ಹಿಡಿದಂತೆ ನೇರವಾಗಿತ್ತು. ಚೆಂದವಾಗಿಯೂ ಇತ್ತು. ಆದರೆ ಅದು ಅವಳ ಕೈಯಲ್ಲ.

"ಏನೇ, ಹಾಡು ಬಂತಾ? ನಮಗೂ ಕೇಳ್ಸು," ಎಂದು ಗಂಡ ಅಡುಗೆಮನೆಯಿಂದ ಕೂಗಿದ. ಹೆಂಡತಿಯ ಗಿಟಾರು ಹಾಡಿನಲ್ಲಿದೆ ಎಂದು ಅವನು ಆಗಲೇ ಕಂಡಕಂಡವರಿಗೆಲ್ಲ ಡಂಗುರ ಸಾರಿಬಿಟ್ಟಿದ್ದ.

"ತಾಳ್ರೀ ಸ್ವಲ್ಪ."

ಹಾಡನ್ನು ಕಳಿಸಿದವನು ತಮ್ಮ. ಅವಸರದಲ್ಲಿ, ಸಿದ್ಧವಾದ ಹಾಡಿನ ಬದಲು, ರೆಕಾರ್ಡಿಂಗಿನ ಇಡೀ ಪ್ರಾಜೆಕ್ಟನ್ನೇ ಕಳಿಸಿದ್ದ. ಅವಳ ಕಂಪ್ಯೂಟರಿಗೆ ಆ ಸಾಫ್ಟ್‌ವೇರ್ ಹಾಕಿಕೊಟ್ಟವನೂ ಅವನೇ. ಯಾರ್ಯಾರು ಏನೇನು ನುಡಿಸಿದ್ದಾರೆ ಎಂಬುದೆಲ್ಲ ಒಂದರ ಕೆಳಗೊಂದು ಟ್ರ್ಯಾಕ್ ಆಗಿ ತೆರೆಯ ಮೇಲೆ ಬಿಚ್ಚಿಕೊಂಡಿತ್ತು. ಡ್ರಮ್ಸ್, ತಮ್ಮನ ದನಿ, 'ಗಿಟಾರ್'. ಎಲ್ಲಕ್ಕಿಂತ ಕೆಳಗೆ ಬೂದು ಬಣ್ಣಕ್ಕೆ ತಿರುಗಿದ ಇನ್ನೊಂದು. ಅದರ ಹೆಸರು 'ಅಕ್ಕ'. ಮ್ಯೂಟ್ ಮಾಡಿಟ್ಟಿದ್ದರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಹಾಡಿನ ರಾಗ ಕಟ್ಟಿದವಳೇ ಅವಳು. ಕೆಲಸಕ್ಕೆ ಹೋಗುವ ಲಾಂಡ್ರಿಯ ಇಸ್ತ್ರಿ ಯಂತ್ರಕ್ಕೆ ಎಡಗೈಯ ನಡುಬೆರಳು ಸಿಕ್ಕಿ ತುದಿ ಮರಗಟ್ಟಿದ ಮೇಲೆ ತಮ್ಮನ ಬ್ಯಾಂಡು ಅವಳನ್ನು ಮೆಲ್ಲಗೆ ಮರೆತಿತ್ತು. ಈ ಸಲ ಅವನೇ ಬಂದು, "ಅಕ್ಕಾ, ನಿನ್ನ ಗಿಟಾರಿಲ್ಲದೆ ಈ ಹಾಡು ಆಗಲ್ಲ, ಮನೇಲೇ ರೆಕಾರ್ಡ್ ಮಾಡಿ ಕಳ್ಸು," ಎಂದಿದ್ದ. ದನಿ ಗುಂಯ್ಗುಟ್ಟದಿರಲಿ ಎಂದು ಬಟ್ಟೆ ಕಪಾಟಿನ ಬಾಗಿಲು ತೆರೆದಿಟ್ಟು, ಫ್ರಿಜ್ ಆರಿಸಿ, ಗಂಡನನ್ನು ಹೊರಗಟ್ಟಿ ಅವಳು ನುಡಿಸಿದ್ದಳು.

'ಗಿಟಾರ್' ಅನ್ನು ಮ್ಯೂಟ್ ಮಾಡಿ ತನ್ನದನ್ನು ತೆರೆದಳು. ಕುರ್ಚಿ ಕಿರುಗುಟ್ಟಿದ್ದೂ ಕೇಳಿಸಿತು. ಪಲ್ಲವಿಗೆ ಮುಂಚಿನ ಆ ಒಂದು ಸ್ವರ, ಮರಗಟ್ಟಿದ ಬೆರಳಿನದು, ಎಂದಿನಂತೆ ಚೂರು ತಡವಾಗಿ ಬಂತು. ಅದರ ಬೆನ್ನಿಗೇ ತಮ್ಮನ ದನಿ. ಮತ್ತೆ 'ಗಿಟಾರ್' ಹಚ್ಚಿದಳು. ಅದೇ ಜಾಗದಲ್ಲಿ ಗಿಟಾರು ಮುಂದೆ ಹೋಗಿಬಿಟ್ಟಿತ್ತು, ದನಿ ಹಿಂದೆ ಉಳಿದಿತ್ತು. ಅವಳು ಫೋನ್ ಎತ್ತಿಕೊಂಡಳು.

"ಕೇಳಿದ್ಯಾ ಅಕ್ಕಾ? ಹೇಗಿದೆ?"

"ನನ್ನ ಬಾಯಿಗೆ ಬೀಗ ಹಾಕಿ ಹೇಗಿದೆ ಅಂತ ಕೇಳ್ತೀಯಲ್ಲೋ. ಪ್ರಾಜೆಕ್ಟ್ ಕಳ್ಸಿದ್ದೀಯ. ಎಲ್ಲಾ ಕಾಣ್ತಿದೆ."

"ಬೇಜಾರ್ ಮಾಡ್ಕೋಬೇಡ. ನಿನ್ನ ಬೆರಳು ತಡ ಆಗುತ್ತೆ ಅಂತ ಎಲ್ರೂ ಹೇಳಿದ್ರು. ನಿನಗೆ ಹೇಗೆ ಹೇಳೋದು ಅಂತ... ನಿನ್ನ ಹೆಸರಂತೂ ಹಾಕ್ತೀವಿ."

"ತಡ ಆಗುತ್ತೆ. ಇಲ್ಲ ಅಂದೋರ್ಯಾರು? ನೀನು ಹಾಡಿದ್ದು ಯಾರ ಗಿಟಾರ್ ಕೇಳ್ಕೊಂಡು?"

"ಅದು... ಆಗ ನಿಂದೇ ಇತ್ತು."

"ಅದಕ್ಕೇ ಪಲ್ಲವಿ ಎತ್ತೋ ಮುಂಚೆ ನನಗೋಸ್ಕರ ನಿಂತಿದ್ದೀಯ. ಈಗ ನಾನಿಲ್ಲ, ನೀನೊಬ್ಬನೇ ಪೆಚ್ಚಾಗಿ ನಿಂತಿದ್ದೀಯ. ಕಿವಿಗೊಟ್ಟು ಕೇಳು."

"ನಾಳೆ ಹಾಡು ಬಿಡಬೇಕಲ್ಲಕ್ಕಾ. ಈಗ ಹೇಗೆ ಬದಲಾಯಿಸೋದು?"

"ಹಾಗಾದ್ರೆ ನನ್ನ ರಾಗಾನೂ ತೆಗೆದುಬಿಡು. ಬರೀ ಮಾತು ಒದರ್ಕೊಂಡು ಹೋಗು. ರಾಗ ಬೇಕು, ಕೈ ಬೇಡ ಅನ್ನೋ ಆಟ ನನ್ನ ಹತ್ರ ನಡೆಯಲ್ಲ."

ಅವನು ಮತ್ತೇನೋ ಗೊಣಗುವಷ್ಟರಲ್ಲಿ ಫೋನ್ ಇಟ್ಟಳು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು. ದುಃಖ ಒತ್ತರಿಸಿ ಬಂತು, ಆದರೆ ಆಡಿದ ಒಂದು ಮಾತನ್ನೂ ವಾಪಸು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಗಂಡ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. "ಫ್ರಿಜ್ ಆರಿಸ್ಲಾ?" ಎಂದ.

"ಬೇಡ, ಅದರ ಪಾಡಿಗೆ ಅದಿರ್ಲಿ. ನೀವೂ ಇಲ್ಲೇ ಕೂತ್ಕೊಳ್ಳಿ."

ಹೊಸ ಟ್ರ್ಯಾಕ್ ತೆರೆದು ಅದಕ್ಕೆ 'ಗಿಟಾರ್' ಎಂದು ಹೆಸರಿಟ್ಟಳು. ಉಳಿದದ್ದನ್ನೆಲ್ಲ, ತಮ್ಮನ ದನಿಯನ್ನೂ, ಮ್ಯೂಟ್ ಮಾಡಿದಳು. ಕೆಂಪು ಗುಂಡಿ ಒತ್ತಿ ನುಡಿಸತೊಡಗಿದಳು. ಪಲ್ಲವಿ ಹತ್ತಿರ ಬರುವಾಗ ಮೇಜಿನ ಮೇಲೆ ಫೋನ್ ಗುರುಗುಟ್ಟಿತು. ತಮ್ಮನೇ. ಗಂಡ ಅದಕ್ಕೆ ಕೈ ಚಾಚಿದ. ಅವಳು ಬೇಡವೆಂದು ತಲೆಯಾಡಿಸಿ, ಮರಗಟ್ಟಿದ ಬೆರಳನ್ನು ತಂತಿಯ ಮೇಲೆ ಊರಿ, ಆ ಸ್ವರ ತನ್ನ ಹೊತ್ತಿಗೆ ಬರುವವರೆಗೂ ಕಾದಳು.