ಕಂಬಳಿಯ ಎಳೆ

ತಿರುವನಂತಪುರದ ಉಳ್ಳೂರಿನಲ್ಲಿ ರಾಮದಾಸರ ಮನೆಯ ಮಹಡಿಯ ಕೋಣೆ ಹಾಲಪ್ಪನಿಗೆ ಸಿಕ್ಕಿದ್ದು ಅವನ ಹೆಸರಿನಿಂದ. ರಾಮದಾಸರು ಕಾಸರಗೋಡಿನ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ವಿಶ್ವವಿದ್ಯಾಲಯದಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಓದಲು ಬಂದ ಹುಡುಗನೊಬ್ಬ ಖಾತೆ ತೆರೆಯಲು ಎದುರು ಕೂತಾಗ ಹೆಸರು ನೋಡಿ, "ಯಾವೂರು ಮಾರಾಯ ನಿನ್ನದು?" ಎಂದು ಕನ್ನಡದಲ್ಲೇ ಕೇಳಿದ್ದರು. ಹಾವೇರಿ ಸೀಮೆಯ ಕುರಿಗಾರರ ಮನೆಯ ಹುಡುಗ ಅದೇ ವಾರ ಟ್ರಂಕು ಹೊತ್ತು ಬಂದ. ಹೆಗಲ ಮೇಲೆ ಕರಿಕಂಬಳಿ ಇತ್ತು.

"ಈ ಸೆಖೆಯ ಊರಿಗೆ ಕಂಬಳಿಯಾ?" ಎಂದು ರಾಮದಾಸರ ಹೆಂಡತಿ ಸುಮಿತ್ರ ನಕ್ಕರು.

"ಅವ್ವ ನೇಯ್ಸಿ ಕೊಟ್ಟಾಳ್ರಿ ಅಕ್ಕಾರ. ದೊಡ್ಡ ಕೆಲಸಕ್ಕ ಹೋಗುವಾಗ ನಮ್ಮಲ್ಲಿ ಕಂಬಳಿ ಬಿಟ್ಟು ಹೋಗಂಗಿಲ್ರಿ."

ಆಗ ಅನ್ವಿತಾ ಬದುಕಿದ್ದಳು. ಅವರ ಒಬ್ಬಳೇ ಮಗಳು. ಶಾಲೆಗೆ ಹೋಗುವ ವಯಸ್ಸಾಗಿದ್ದರೂ ಕತ್ತು ನಿಲ್ಲುತ್ತಿರಲಿಲ್ಲ. ದಿಂಬಿಗೆ ಒರಗಿಸಿ ಕೂರಿಸಬೇಕಿತ್ತು. ಕೈಕಾಲಿನ ಬಲ ಹುಟ್ಟಿದಾಗಲೇ ಕಡಿಮೆ, ಬರಬರುತ್ತಾ ಇನ್ನೂ ಕಡಿಮೆ. ಬುದ್ಧಿ ಮಾತ್ರ ಚುರುಕು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಹಾಲಪ್ಪ ಕಂಬಳಿ ಹಾಸಿ ಅವಳನ್ನು ಮಲಗಿಸಿದರೆ, "ಚೇಟ್ಟಾ, ಆಡಿಂಡೆ ಮಣಂ" ಎಂದು ಮೂಗು ಸೊಟ್ಟ ಮಾಡುವಳು. ಅಣ್ಣಾ, ಆಡಿನ ವಾಸನೆ ಎಂದು ದೂರು.

"ಆಡಲ್ಲವ್ವಾ, ಕುರಿ. ನಮ್ಮ ಕುರಿಗೆ ಆಡು ಅಂದ್ರ ಸಿಟ್ಟು ಬರ್ತೈತಿ."

ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ಉಸಿರು ಸೋತು ಅವಳು ಹೋದಳು. ಕಾಯಿಲೆಗೆ ಒಂದು ಹೆಸರು ಕೂಡ ಸಿಗಲಿಲ್ಲ. ವಂಶವಾಹಿ ಪರೀಕ್ಷೆಯಲ್ಲಿ ಸ್ನಾಯುವಿನ ಪ್ರೋಟೀನೊಂದರಲ್ಲಿ ಒಂದೇ ಒಂದು ಬದಲಾವಣೆ ಕಂಡಿತ್ತು. ಅದೇ ಕಾರಣ ಇರಬಹುದು, ಇಲ್ಲದೆಯೂ ಇರಬಹುದು ಎಂದು ಡಾಕ್ಟರು ಹೇಳಿ ಸುಮ್ಮನಾಗಿದ್ದರು.

ಈಗ ಸುಮಿತ್ರ ಮತ್ತೆ ಬಸುರಿ. ಬಯಸಿ ಆದದ್ದಲ್ಲ, ಆದ ಮೇಲೆ ಬೇಡವೆನ್ನಲೂ ಮನಸ್ಸು ಬರಲಿಲ್ಲ. ಕಾರಣ ಇದೇ ಎಂದು ಗಟ್ಟಿಯಾದರೆ ಹೊಟ್ಟೆಯ ಮಗುವಿನಲ್ಲಿ ಅದು ಇದೆಯೋ ಇಲ್ಲವೋ ನೋಡಬಹುದು, ಗಟ್ಟಿಯಾಗದೆ ನೋಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದರು. ಗಟ್ಟಿ ಮಾಡಿಕೊಳ್ಳಲು ಉಳಿದಿದ್ದ ದಾರಿ ಒಂದು. ಅನ್ವಿತಾಳ ತೊಡೆಯಿಂದ ತೆಗೆದ ಸ್ನಾಯುವಿನ ಚೂರು ವಿಶ್ವವಿದ್ಯಾಲಯದ ಶೀತಪೆಟ್ಟಿಗೆಯಲ್ಲಿತ್ತು. ಆ ಚೂರಿನಲ್ಲಿ ಆ ಪ್ರೋಟೀನು ಇಲ್ಲವೇ ಇಲ್ಲ ಎಂದು ಕಂಡರೆ ಬದಲಾವಣೆಯೇ ಕಾರಣ ಎನ್ನಬಹುದು.

ಹಾಲಪ್ಪ ಮೊದಲು ಕಂಪ್ಯೂಟರಿನಲ್ಲಿ ಆ ಪ್ರೋಟೀನಿನ ಆಕಾರ ಕಟ್ಟಿ ನೋಡಿದ್ದ. ನಂಬಬಹುದಾದ ಭಾಗ ನೀಲಿ, ನಂಬಲಾಗದ್ದು ಕಿತ್ತಳೆ. ಬದಲಾವಣೆ ಆದ ಜಾಗ ಕಿತ್ತಳೆಯ ಒಂದು ಸಡಿಲ ಕುಣಿಕೆಯಲ್ಲಿ ಬಿದ್ದಿತ್ತು. ಕಂಪ್ಯೂಟರಿಗೂ ಗೊತ್ತಿರಲಿಲ್ಲ. ಅವನ ಗುರು ಶ್ರೀವಿದ್ಯಾ ಮೇಡಂ ಚೂರನ್ನು ಅವನ ಪ್ರಾಜೆಕ್ಟಿಗೆ ಕೊಡಲು ಬಹಳ ಹಿಂಜರಿದರು. ಇದು ಓದಿನ ಕೆಲಸ, ಆಸ್ಪತ್ರೆಯ ವರದಿಯಲ್ಲ ಎಂದರು. ಸುಮಿತ್ರ ಅವರೆದುರು ಕೂತು, "ಓದಿನದ್ದೇ ಆಗಲಿ, ಡಾಕ್ಟರು ನೋಡ್ತೇನೆ ಅಂದಿದ್ದಾರೆ. ನಮಗೆ ಬೇರೆ ಎಂತ ಉಂಟು?" ಎಂದರು.

ಪ್ರೋಟೀನಿನ ಪಾಠ ಹಾಲಪ್ಪನಿಗೆ ಶುರುವಾದದ್ದೇ ಉಣ್ಣೆಯಿಂದ. ಕೂದಲು, ಉಗುರು, ಕೊಂಬು, ಕುರಿಯ ತುಪ್ಪಟ ಎಲ್ಲದರಲ್ಲೂ ಇರುವುದು ಕೆರಟಿನ್ ಎಂಬ ಪ್ರೋಟೀನು, ಅದರ ಎರಡೆರಡು ಎಳೆ ಒಂದಕ್ಕೊಂದು ಹುರಿಗೊಂಡು ನಿಲ್ಲುತ್ತವೆ ಎಂದು ಮೇಡಂ ಪರದೆಯ ಮೇಲೆ ತಿರುಗಿಸಿ ತೋರಿಸಿದ್ದರು. ಆ ಸಂಜೆ ಅವನು ಊರಿಗೆ ಫೋನು ಮಾಡಿ, "ಅವ್ವಾ, ನೀ ನೂಲೋದನ್ನ ನಾ ಇಲ್ಲಿ ಓದಾಕತ್ತೀನಿ" ಎಂದ. "ಅದಕ್ಕ ಅಷ್ಟು ದೂರ ಹೋಗಬೇಕಿತ್ತೇನೋ ಹುಚ್ಚಪ್ಪಾ? ಮಗ್ಗುಲಾಗ ಕುಂತಿದ್ರ ನಾನ ಕಲಿಸ್ತಿದ್ನಲ್ಲೋ" ಎಂದು ಅವ್ವ ನಕ್ಕಿದ್ದಳು.

ಪ್ರೋಟಿಯೋಮಿಕ್ಸ್ ಪಾಠಕ್ಕೆ ಬಂದಾಗ ಅದೇ ಕೆರಟಿನ್ ಕಾಟ ಕೊಡುವ ವಸ್ತುವಾಯಿತು. ಪ್ರೋಟೀನನ್ನು ತುಂಡು ಮಾಡಿ ಯಂತ್ರಕ್ಕೆ ಕೊಟ್ಟರೆ ಅದು ಪ್ರತಿ ತುಂಡನ್ನೂ ತೂಗಿ ಯಾವ ಪ್ರೋಟೀನಿನದ್ದು ಎಂದು ಹೇಳುತ್ತದೆ. ಆದರೆ ನಮ್ಮ ಕೂದಲೋ ಚರ್ಮದ ಹೊಟ್ಟೋ ಬಿದ್ದರೆ ಅದರ ತೂಕವನ್ನೇ ಮತ್ತೆ ಮತ್ತೆ ತೂಗುತ್ತಾ ಕೂರುತ್ತದೆ. ಕೂದಲು ಕಟ್ಟಿ, ಕೈಗವಸು ಹಾಕಿ, ಉಣ್ಣೆಬಟ್ಟೆ ತರಬೇಡಿ ಎಂದು ಮೇಡಂ ನಿಯಮ ಓದಿದಾಗ ಇಡೀ ತರಗತಿ ಗೊಳ್ಳೆಂದಿತು. ತಿರುವನಂತಪುರದಲ್ಲಿ ಉಣ್ಣೆ ಯಾರು ಹಾಕುತ್ತಾರೆ? ಹಾಲಪ್ಪನೂ ನಕ್ಕ. ಉಣ್ಣೆಬಟ್ಟೆ ಎಂದರೆ ಅವನ ಕಣ್ಣಿಗೆ ಬಂದದ್ದು ಚಳಿದೇಶದವರ ಸ್ವೆಟರು. ಕಂಬಳಿ ಅವನಿಗೆ ಬಟ್ಟೆಯೇ ಆಗಿರಲಿಲ್ಲ.

ಯಂತ್ರ ಇದ್ದದ್ದು ಕೊಚ್ಚಿಯ ಒಂದು ಸಂಸ್ಥೆಯಲ್ಲಿ. ಚೂರಿನಿಂದ ಪ್ರೋಟೀನನ್ನೆಲ್ಲ ಇಳಿಸಿ ಪುಟ್ಟ ಕೊಳವೆಗಳಿಗೆ ತುಂಬಿಸಿದ್ದಾಯಿತು. ಚೂರು ಅಲ್ಲಿಗೆ ಮುಗಿಯಿತು. ಕೊಳವೆಗಳನ್ನು ಥರ್ಮೊಕೋಲ್ ಪೆಟ್ಟಿಗೆಯ ಮಂಜುಗಡ್ಡೆಯಲ್ಲಿಟ್ಟು, ಕಂಬಳಿ ಹೆಗಲಿಗೆ ಹಾಕಿ ಹಾಲಪ್ಪ ಬೆಳಗಿನ ರೈಲು ಹತ್ತಿದ. ಕೊಲ್ಲಂ ದಾಟಿದ ಮೇಲೆ ಯಾರದೋ ಸೂಟ್‌ಕೇಸು ಮೇಲಿನಿಂದ ಜಾರಿ ಪೆಟ್ಟಿಗೆಯ ಮುಚ್ಚಳ ಸೀಳಿತು. ಮಳೆಗೆ ರೈಲು ಅಲ್ಲಲ್ಲಿ ನಿಂತು ನಿಂತು ಹೋಯಿತು. ಎರ್ನಾಕುಲಂನಲ್ಲಿ ಇಳಿದು ಬಸ್ಸು ಹಿಡಿದರೆ ಎಡಪ್ಪಳ್ಳಿಯ ಮಾಲ್ ಎದುರು ವಾಹನಗಳು ಕದಲದೆ ನಿಂತಿದ್ದವು. ಸೀಳಿನಿಂದ ನೀರು ತೊಟ್ಟಿಕ್ಕತೊಡಗಿತು.

ಅಡವಿಯಲ್ಲಿ ಬಿಸಿಲಿಗೆ ಹಾಲಿನ ಕೊಡ ಕೆಡದಂತೆ ಅಪ್ಪ ಕಂಬಳಿ ಸುತ್ತಿಡುತ್ತಿದ್ದದ್ದು ಅವನಿಗೆ ನೆನಪಾಯಿತು. ಕಂಬಳಿ ಒಳಗಿನ ತಂಪನ್ನು ಹೊರಗೆ ಬಿಡದು, ಹೊರಗಿನ ಸೆಖೆಯನ್ನು ಒಳಗೆ ಬಿಡದು. ಪೆಟ್ಟಿಗೆಗೆ ಎರಡು ಸುತ್ತು ಬಿಗಿದು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದಲ್ಲಿದ್ದ ಮುದುಕಿ ಒಳಗೆ ಕೂಸಿದೆಯೋ ಎಂಬಂತೆ ಬಗ್ಗಿ ನೋಡಿದಳು.

ಸಂಸ್ಥೆ ಮುಟ್ಟುವಾಗ ಮಂಜು ಇನ್ನೂ ಉಳಿದಿತ್ತು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಯಂತ್ರದ ಉಸ್ತುವಾರಿ ಜಾಯ್ಸ್ ಮೇಡಂ, ಮಂಗಳೂರಿನವರು, ಮೀಟಿಂಗಿನಲ್ಲಿದ್ದರು. ಕಲಿತವನಲ್ಲವೇ, ಶುರು ಮಾಡು ಎಂದು ಹೇಳಿ ಕಳಿಸಿದ್ದರು. ಕೊಳವೆಗಳು ತೊಪ್ಪೆಯಾಗಿ, ಮೇಲೆ ಬರೆದ ಶಾಯಿ ಕದಡುತ್ತಿತ್ತು. ಶಾಯಿ ಅಳಿದರೆ ಯಾವುದು ಅನ್ವಿತಾಳದ್ದು, ಯಾವುದು ಹೋಲಿಸಿ ನೋಡಲು ತಂದ ಆರೋಗ್ಯವಂತರದ್ದು ಎಂದು ತಿಳಿಯುವಂತಿಲ್ಲ. ಹಾಲಪ್ಪ ಕೈಗವಸು ಹಾಕಿದ. ಆಮೇಲೆ, ಆಗ ಹುಟ್ಟಿದ ಮರಿಯ ಮೂತಿಯನ್ನು ಒರೆಸುವ ಹಾಗೆ, ಒಂದೊಂದೇ ಕೊಳವೆಯನ್ನು ಕಂಬಳಿಯ ಅಂಚಿನಿಂದ ಒರೆಸಿ, ಅದೇ ಕೈಯಲ್ಲಿ ಮುಚ್ಚಳ ತೆರೆದ.

ಮುಂದಿನ ವಾರ ಫಲಿತಾಂಶ ನೋಡಲು ಬಾ ಎಂದು ಜಾಯ್ಸ್ ಮೇಡಂ ಕರೆದರು. ಅವನು ಮತ್ತೆ ಕಂಬಳಿ ಹಾಕಿಕೊಂಡೇ ಹೋದ. ಹೊರಡುವಾಗ ಸುಮಿತ್ರ ಗೇಟಿನ ತನಕ ಬಂದು, "ಫೋನಲ್ಲಿ ಹೇಳ್ಬೇಡ, ಬಂದು ಹೇಳು" ಎಂದಿದ್ದರು.

ಮೇಡಂ ಪರದೆಯಿಂದ ಕಣ್ಣು ತೆಗೆಯದೆ ಮಾತು ಶುರು ಮಾಡಿದರು.

"ನೋಡು ಮಾರಾಯ, ಮನುಷ್ಯರ ಕೆರಟಿನ್ ಎಲ್ಲರ ಸ್ಯಾಂಪಲ್ಲಿನಲ್ಲೂ ಬರ್ತದೆ. ನನ್ನದರಲ್ಲೂ ಬಂದದ್ದುಂಟು. ಇದು ಮನುಷ್ಯರದ್ದಲ್ಲ, ಕುರಿಯದ್ದು. ಮೇಲಿನಿಂದ ಕೆಳಗಿನ ತನಕ ಕುರಿ. ಈ ಕೊಚ್ಚಿಗೆ ಕುರಿ ಎಲ್ಲಿಂದ ಬಂತು ಅಂತ ನಾನು ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡು..."

ತಿರುಗಿ ಅವನ ಹೆಗಲು ನೋಡಿ ಅವರು ಮಾತು ನಿಲ್ಲಿಸಿದರು.

"ಅದೆಂತದು?"

ಹಾಲಪ್ಪ ಕೆಳಗೆ ನೋಡಿದ. ಅಂಗಿಯ ತೋಳಿನ ಮೇಲೆ ಕರಿ ಎಳೆಗಳು ಅಂಟಿದ್ದವು. ಅವು ಯಾವಾಗಲೂ ಅಲ್ಲೇ ಇದ್ದವು.

"ಕಂಬಳಿ ರೀ ಮೇಡಂ."

"ಅವತ್ತೂ ಇತ್ತಾ?"

"ಇತ್ರಿ. ಅದರಿಂದನ ಒರಸೀನ್ರಿ."

ಜಾಯ್ಸ್ ಮೇಡಂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ಅವರು ಬೇಕಾದ ಪ್ರೋಟೀನಿನ ಹೆಸರು ಹುಡುಕಿ ತೋರಿಸಿದರು. ಅನ್ವಿತಾಳದ್ದರಲ್ಲಿ ಅದು ಕಾಣಲಿಲ್ಲ. ಹೋಲಿಕೆಗೆ ತಂದ ಆರೋಗ್ಯವಂತರ ಸ್ನಾಯುವಿನಲ್ಲೂ ಕಾಣಲಿಲ್ಲ. ಉಣ್ಣೆಯ ಗದ್ದಲದಲ್ಲಿ ಎಲ್ಲವೂ ಮುಳುಗಿತ್ತು.

"ಉಂಟು ಅಂತ ಹೇಳ್ಲಿಕ್ಕಾಗುದಿಲ್ಲ, ಇಲ್ಲ ಅಂತಲೂ ಹೇಳ್ಲಿಕ್ಕಾಗುದಿಲ್ಲ. ಇನ್ನು ಸ್ವಲ್ಪ ತುಂಡು ಉಂಟಾ?"

"ಇಲ್ರಿ."

"ಹುಡುಗಿಯಿಂದ ಪುನಃ ತೆಗೀಲಿಕ್ಕೆ..."

"ಆಕಿ ಇಲ್ರಿ ಮೇಡಂ."

ಮೇಡಂ ಪರದೆಯ ಕಡೆ ತಿರುಗಿದರು. "ಚಾ ಕುಡಿದು ಹೋಗು" ಎಂದರು.

ವಾಪಸು ರೈಲಿನಲ್ಲಿ ಅವನು ಬೇರೆ ಬೇರೆ ಮಾತು ಜೋಡಿಸಿ ನೋಡಿದ. ಯಂತ್ರ ಕೆಟ್ಟಿತ್ತು ಎನ್ನಬಹುದು. ಮಂಜು ಕರಗಿತ್ತು ಎನ್ನಬಹುದು. ಅದು ಅರ್ಧ ನಿಜ. ಆದರೆ ಯಾವ ಮಾತು ಹೇಳಿದರೂ ಸುಮಿತ್ರ ಇನ್ನೊಂದು ಸಲ ಮಾಡೋಣ ಎನ್ನುತ್ತಾರೆ, ಆಗ ಎಲ್ಲ ಬಂದು ನಿಲ್ಲುವುದು ಮುಗಿದುಹೋದ ಆ ಚೂರಿಗೇ. ಕಾಯಂಕುಳಂ ಬಳಿ ಕಂಬಳಿಯನ್ನು ಬಾಗಿಲಿನಿಂದ ಎಸೆಯಲು ಎದ್ದು ಹೋದ. ಹುಣಸೆಬೀಜದ ಅಂಟುಗಂಜಿ ಹಚ್ಚಿ ನೇಯ್ದದ್ದು ಒರಟಾಗಿ ಕೈಗೆ ಹತ್ತಿತು. ಎಸೆಯಲಾಗಲಿಲ್ಲ. ಮಡಚಿ ಚೀಲದೊಳಗೆ ತುರುಕಿದ.

ಉಳ್ಳೂರಿನ ಮನೆಯ ವರಾಂಡದಲ್ಲಿ ಇಬ್ಬರೂ ಕೂತಿದ್ದರು. ರಾಮದಾಸರು ಬ್ಯಾಂಕಿನಿಂದ ಬೇಗ ಬಂದಿದ್ದರು. ಅವನು ಮೆಟ್ಟಿಲ ಮೇಲೆಯೇ ಕೂತು, ನೆಲ ನೋಡುತ್ತಾ, ಒಂದನ್ನೂ ಬಿಡದೆ ಹೇಳಿದ.

"ಕಂಬಳಿಯಾ?" ಎಂದರು ರಾಮದಾಸರು. "ಎಂತ ಹೇಳ್ತಿ ನೀನು? ಅಷ್ಟು ದೊಡ್ಡ ಯಂತ್ರ, ಒಂದು ಕಂಬಳಿಯ ಎಳೆಗೆ? ತೊಳೆದು ತೆಗೀಲಿಕ್ಕೆ ಆಗುದಿಲ್ವಾ?"

"ಆಗಂಗಿಲ್ರಿ."

"ಇಷ್ಟೆಲ್ಲ ಓದ್ತಿ, ಅದು ಗೊತ್ತಿರ್ಲಿಲ್ವಾ ನಿನಗೆ?"

"ಗೊತ್ತಿತ್ರಿ."

ರಾಮದಾಸರು ಎದ್ದು ಗೇಟಿನ ತನಕ ಹೋದರು. ಚಿಲಕ ತೆಗೆದು ಮತ್ತೆ ಹಾಕಿದರು. ಹೋಗಬೇಕಾದದ್ದು ಎಲ್ಲಿಗೂ ಇರಲಿಲ್ಲ. ಅಲ್ಲೇ ಬೆನ್ನು ತಿರುಗಿಸಿ ನಿಂತರು.

ಸುಮಿತ್ರರ ಕೈ ಹೊಟ್ಟೆಯ ಮೇಲಿತ್ತು.

"ಮೊನ್ನೆಯಿಂದ ಅಲ್ಲಾಡ್ತಾ ಉಂಟು ಇದು," ಎಂದರು. "ಇವರಿಗೂ ಹೇಳಿರ್ಲಿಲ್ಲ. ನೀನು ಉತ್ತರ ತಂದ ಮೇಲೆ ಹೇಳುವ ಅಂತ ಇದ್ದೆ."

ಗೇಟಿನ ಬಳಿ ರಾಮದಾಸರು ತಿರುಗಿದರು.

"ಜೋರಾಗಿ ಅಲ್ಲಾಡುದಿಲ್ಲ," ಎಂದು ಸುಮಿತ್ರ ಮುಂದುವರಿಸಿದರು. " ಅನ್ವಿತಾ ಹೊಟ್ಟೆಯಲ್ಲಿದ್ದಾಗಲೂ ಹೀಗೇ ಇದ್ದಳು ಅಂತ ಒಮ್ಮೆ ಅನ್ನಿಸ್ತದೆ. ಇಲ್ಲ, ಇದಕ್ಕಿಂತ ಮೆಲ್ಲ ಇದ್ದಳು ಅಂತ ಇನ್ನೊಮ್ಮೆ ಅನ್ನಿಸ್ತದೆ. ಆಗ ನಾನು ಗಮನ ಕೊಟ್ಟದ್ದೇ ಇಲ್ಲ. ಎಲ್ಲ ಸರಿ ಉಂಟು ಅಂತ ಇದ್ದೆ."

"ಅಕ್ಕಾರ..." ಎಂದ ಹಾಲಪ್ಪ.

"ಸ್ವಲ್ಪ ಸುಮ್ಮನಿರು," ಎಂದರು ಸುಮಿತ್ರ. ಸಿಟ್ಟಿನಿಂದಲ್ಲ. ಕಣ್ಣು ಮುಚ್ಚಿ, ಅಂಗೈ ಒತ್ತಿಕೊಂಡು, ಒಳಗಿನದೇನನ್ನೋ ಕಾಯುತ್ತಿದ್ದರು. ಮಾತಾಡಿದರೆ ಅದು ತಪ್ಪಿಹೋಗಬಹುದಿತ್ತು.

ಮಾಡಿನಿಂದ ಮಳೆನೀರು ಇಳಿಯುತ್ತಿತ್ತು. ಸುಮಿತ್ರರ ಕೈ ಹೊಟ್ಟೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು, ನಿಂತಿತು, ಮತ್ತೆ ಸರಿಯಿತು.